ಗೋಡೆಯೊಳಗೆ ಕೈ ಹಾಕಿದ ಸರ್

1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಗಣಪತಿ ಕಳಿಸಿ ಬಂದು ಗುಲ್ಬರ್ಗದ ಹಾಸ್ಟೆಲಿನಲ್ಲಿ ಸುಸ್ತಾಗಿ ಮಲಗಿದ್ದೆವು. ಮಂಚ ಅಲುಗಾಡಿತು. ಪಕ್ಕದವನೇ ಅಲುಗಾಡಿಸುತ್ತಿದ್ದಾನೆ ಅಂತ ಅವನನ್ನು ಚೆನ್ನಾಗಿ ಬೈದೆ. ಪಾಪ, ಅವನು ಅಷ್ಟರಲ್ಲಿ ಓಡಿಹೋಗಿ ಅಂಗಳದಲ್ಲಿ ನಿಂತಿದ್ದ.

ನಾನಾಗ ಬಿ.ಎಸ್ಸಿ. ಎರಡನೇ ವರ್ಷ. ಜಿಯಾಲಜಿ ತಗೊಂಡಿದ್ದೇ ವಾಡಿ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಗಲಿ ಅಂತ.

ಮೂರು ವಾರ ಬಿಟ್ಟು ನಮ್ಮ ಜಿಯಾಲಜಿ ಸರ್ ಎಂಟು ಹುಡುಗರನ್ನು ಕರೆದುಕೊಂಡು ಆಳಂದ, ಉಮರ್ಗಾ ದಾಟಿ, ಆ ಭೂಕಂಪದಲ್ಲಿ ನೆಲಸಮವಾಗಿದ್ದ ಮಹಾರಾಷ್ಟ್ರದ ಕಿಲ್ಲಾರಿಗೆ ಹೋದರು. ಆ ಸುತ್ತಿನ ಹಳ್ಳಿಗಳಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತಿದ್ದರು. ದಖನ್ನಿನದು ಗಟ್ಟಿ ನೆಲ, ಭಯವಿಲ್ಲ ಅಂತ ಓದಿದ್ದೆವು. ಆಗಿನ ಭೂಕಂಪ ನಕ್ಷೆಯಲ್ಲೂ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲೇ. ಕಂಪದ ಪ್ರಮಾಣ 6.2. ಜಗತ್ತಿನ ಲೆಕ್ಕದಲ್ಲಿ ಅದೇನು ಭಾರೀ ಅಲ್ಲ. (ಪೇಪರಿನವರು ಇವತ್ತಿಗೂ 'ರಿಕ್ಟರ್' ಅಂತಲೇ ಬರೆಯುತ್ತಾರೆ. ಭೂಕಂಪ ಓದುವ ನಾವು ಆ ಮಾಪಕ ಬಿಟ್ಟು ಎಷ್ಟೋ ಕಾಲವಾಯಿತು.)

ನೆಲ ಬಿರಿದದ್ದು ನೋಡಬೇಕು ಅಂತ ನಮಗೆಲ್ಲ ಅವಸರ. ಸರ್ ಮಾತ್ರ ಅರ್ಧ ನಿಂತಿದ್ದ ಒಂದು ಗೋಡೆಯ ಮುಂದೆ ಕುಳಿತುಬಿಟ್ಟರು. ಎರಡು ಅಡಿಗಿಂತ ಜಾಸ್ತಿ ದಪ್ಪ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು ಒಂದೂ ಇಲ್ಲ. ಸರ್ ನಡುವಿನ ಸಂದಿಗೆ ಮೊಣಕೈವರೆಗೆ ಕೈ ತೂರಿಸಿದರು. ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿ, "ನಿಮ್ಮ ಮನಿ ಗ್ವಾಡಿನೂ ಹಿಂಗೇ ಅದ ಅಲ್ಲೇನಪಾ?" ಅಂದರು. ಹಾಗೇ ಇತ್ತು. ಮಾಳಿಗೆ, ಅಂದರೆ ಮಣ್ಣಿನ ಚಾವಣಿಯೂ ಅದೇ ಥರ. ವರ್ಷ ವರ್ಷ ಮಣ್ಣು ಹಾಕಿ ಹಾಕಿ ಭಾರವಾದದ್ದು.

ಸಿಮೆಂಟ್ ಕಾರ್ಖಾನೆ ಅಲ್ಲಿಗೇ ಮರೆತುಹೋಯಿತು.

ಆಮೇಲೆ ಓದು, ಸಂಶೋಧನೆ, ಊರೂರು ತಿರುಗಾಟ. 2001ರ ಜನವರಿ 26ರ ಭುಜ್ ಭೂಕಂಪದ ನಂತರ ಕಛ್‌ನಲ್ಲಿ ವರ್ಷಗಟ್ಟಲೆ ಕಳೆದೆ. ಅಲ್ಲಿನ ರಣ್‌ನಲ್ಲಿ, ಅಂದರೆ ಉಪ್ಪು ಬಯಲಿನಲ್ಲಿ, ಅಲ್ಲಾ ಬಂಡ್ ಅಂತ ಇದೆ. 1819ರ ಭೂಕಂಪದಲ್ಲಿ ನೆಲವೇ ಎದ್ದು ಆದ ದಿಬ್ಬ. ಮನುಷ್ಯರು ಕಟ್ಟಿದ್ದಲ್ಲ, ಅದಕ್ಕೇ ಜನ ದೇವರ ಕಟ್ಟೆ ಅಂದರು. ನಮ್ಮ ಕೆಲಸ ಸರಳ: ಗುಂಡಿ ತೋಡುವುದು, ಅದರ ಗೋಡೆ ಕೆರೆದು ನುಣುಪು ಮಾಡುವುದು, ನೋಡುವುದು. ಜೋರಾಗಿ ನಡುಗಿದಾಗ ಅಡಿಯ ಹಸಿ ಮರಳು ನೀರಿನಂತಾಗಿ ಮೇಲಿನ ಜೇಡಿಯನ್ನು ಸೀಳಿ ನುಗ್ಗುತ್ತದೆ. ಒಣಗಿದ ಮೇಲೆ ಆ ಬಿಳಿ ಗೆರೆ ನೂರಾರು ವರ್ಷ ಹಾಗೇ ಉಳಿಯುತ್ತದೆ. ಹತ್ತಿರದಲ್ಲಿ ಇದ್ದಿಲ ಚೂರು ಸಿಕ್ಕರೆ ಅದರ ವಯಸ್ಸು ಹಿಡಿದು ಹಳೆಯ ಭೂಕಂಪದ ಕಾಲ ಅಂದಾಜು ಮಾಡಬಹುದು. ಮುಂದಿನದು ಯಾವ ದಿನ ಅಂತ ಮಾತ್ರ ಯಾರೂ ಹೇಳಲಾರರು. ಮದುವೆ ಮನೆಗೆ ಹೋದರೂ ಜನ ಅದನ್ನೇ ಕೇಳುತ್ತಾರೆ.

ನನ್ನ ಅತಿ ಕಷ್ಟದ ಕೆಲಸ ನಡೆದದ್ದು ನಮ್ಮ ಮನೆಯಲ್ಲೇ. ಮಾಳಿಗೆಯ ಮಣ್ಣು ಇಳಿಸೋಣ ಅಂತ ಅಪ್ಪನಿಗೆ ಆರು ವರ್ಷ ಹೇಳಿದೆ. "ಬ್ಯಾಸಿಗ್ಯಾಗ ನೀ ಬಂದು ಬೀಸಣಿಗಿ ಬೀಸ್ತೀಯೇನು?" ಅನ್ನುತ್ತಿದ್ದರು. ಅದೂ ಸುಳ್ಳಲ್ಲ, ಮೇ ತಿಂಗಳ ಗುಲ್ಬರ್ಗ ಗೊತ್ತಲ್ವಾ. ಕೊನೆಗೆ ಒಂದು ಅಡಿ ಮಣ್ಣು ತೆಗೆಯಲು ಒಪ್ಪಿದರು. ಅದಕ್ಕಿಂತ ಒಂದು ಬುಟ್ಟಿ ಜಾಸ್ತಿ ಇಳಿಸಲು ಬಿಡಲಿಲ್ಲ.