ಪೈಪು ಕೆಮ್ಮುವ ಹೊತ್ತು: ಕಿರುಚಿತ್ರದ ಟಿಪ್ಪಣಿ 7

ಕಳೆದ ಟಿಪ್ಪಣಿಯಲ್ಲಿ ‘ಸಂಕಲನ ಮುಗಿಯಿತು’ ಎಂದು ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಶನಿವಾರ ಬೆಂಗಳೂರಿನ ಕಾಲೇಜೊಂದರಲ್ಲಿ ನಡೆದ ವಿದ್ಯಾರ್ಥಿ ಚಿತ್ರೋತ್ಸವದಲ್ಲಿ ನಮ್ಮ ಚಿತ್ರ ಪರದೆ ಕಂಡಿತು. ಪರದೆಯ ಮೇಲೆ ಚಿತ್ರ ಮಾತ್ರ ಕಾಣಲಿಲ್ಲ.

ಹಿಂದಿನ ಟಿಪ್ಪಣಿಗಳನ್ನು ಓದದವರಿಗಾಗಿ ಎರಡು ಸಾಲು. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ, ನನ್ನ ಚಿಕ್ಕಪ್ಪನ ಅಡಿಕೆ ತೋಟ, 700 ಅಡಿಯ ಕೊಳವೆಬಾವಿ. ರಾತ್ರಿ ಮೋಟಾರು ಓಡಲು ಬೇಕಾದ ತ್ರೀ ಫೇಸ್ ಕರೆಂಟು ಬಂದಾಗ ಹತ್ತನೆಯ ತರಗತಿಯ ಹುಡುಗನೊಬ್ಬ ಟಾರ್ಚು ಹಿಡಿದು ತೋಟಕ್ಕೆ ಹೋಗಿ, ಮೋಟಾರು ಹಾಕಿ, ನೀರು ಕಟ್ಟಿ ಮನೆಗೆ ಬರುತ್ತಾನೆ. ಮರುದಿನ ಅವನಿಗೆ ಗಣಿತದ ಪರೀಕ್ಷೆ. ಇಷ್ಟೇ ಕಥೆ. ಹನ್ನೊಂದು ರಾತ್ರಿ ಚಿತ್ರೀಕರಣ, ನಾಲ್ಕು ಜನರ ತಂಡ, ಚಿಕ್ಕಮ್ಮನ ಕೈಯ ಲೆಕ್ಕವಿಲ್ಲದಷ್ಟು ಚಹಾ.

ಸೆಮಿನಾರ್ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ಮೇಲಿನ ಗವಾಕ್ಷಿಗಳನ್ನು ಯಾರೂ ಗಮನಿಸಿರಲಿಲ್ಲ. ನಮ್ಮ ಸರದಿ ಬಂದದ್ದು ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲು ಸರಿಯಾಗಿ ಒಳಗೆ ಇಳಿಯುವ ಹೊತ್ತಿಗೆ. ಮೊದಲ ಶಾಟಿನಲ್ಲಿ ಹುಡುಗ ಮನೆಯ ಬಾಗಿಲು ತೆರೆದು ಹೊರಗೆ ಬರುತ್ತಾನೆ. ಬಾಗಿಲು ತೆರೆದ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು, ನಾಯಿಯ ಸದ್ದು. ಪರದೆಯ ಮೇಲೆ ಹಾಲು ಚೆಲ್ಲಿದಂತೆ ಒಂದು ಬೂದುಬಣ್ಣ, ಅದರೊಳಗೆ ಅಲ್ಲಾಡುವ ಇನ್ನೊಂದು ಬೂದುಬಣ್ಣ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಕ್ಯಾಮೆರಾದವನು ತಲೆ ತಗ್ಗಿಸಿದವನು ಚಿತ್ರ ಮುಗಿಯುವವರೆಗೆ ಎತ್ತಲಿಲ್ಲ.

ತಪ್ಪನ್ನೆಲ್ಲ ಗವಾಕ್ಷಿಯ ಮೇಲೆ ಹಾಕಿದರೆ ಅನ್ಯಾಯವಾಗುತ್ತದೆ. ಪ್ರೊಜೆಕ್ಟರಿಗೆ ಕಪ್ಪನ್ನು ಚೆಲ್ಲಲು ಬರುವುದಿಲ್ಲ. ಬೆಳಕು ಬೀಳದ ಜಾಗವೇ ಅದರ ಕಪ್ಪು. ಹೊರಗಿನ ಬೆಳಕು ಬಿದ್ದು ಪರದೆ ಬೂದುಬಣ್ಣಕ್ಕೆ ತಿರುಗಿದ ಮೇಲೆ ಚಿತ್ರದ ಕಪ್ಪು ಅದಕ್ಕಿಂತ ಕೆಳಗೆ ಇಳಿಯಲಾರದು. ಇದು ಗೊತ್ತಿದ್ದೂ ನಾವು ಬಣ್ಣ ತಿದ್ದಿದ್ದು ನನ್ನ ಕೋಣೆಯಲ್ಲಿ, ದೀಪ ಆರಿಸಿ, ಲ್ಯಾಪ್‌ಟಾಪಿನ ಬೆಳಕನ್ನು ತುದಿಗೇರಿಸಿಕೊಂಡು. ಮನೆಗೆ ಬಂದು ಅಳೆದು ನೋಡಿದೆ. ಬೆಳಕನ್ನು ಅಳೆಯುವ 0ಯಿಂದ 255ರವರೆಗಿನ ಮಾಪಕದಲ್ಲಿ ನಮ್ಮ ರಾತ್ರಿಯ ಶಾಟುಗಳಲ್ಲಿ ಹೆಚ್ಚಿನವು 40ನ್ನು ದಾಟುವುದೇ ಇಲ್ಲ. ಇನ್ನೊಂದು ಎಡವಟ್ಟೂ ಸೇರಿಕೊಂಡಿತ್ತು. ವಿಡಿಯೊದಲ್ಲಿ 16ನ್ನು ಕಪ್ಪು, 235ನ್ನು ಬಿಳಿ ಎಂದು ಎಣಿಸುವ ಪದ್ಧತಿಯಿದೆ. ಕಂಪ್ಯೂಟರಿನ ಲೆಕ್ಕದಲ್ಲಿ 0 ಕಪ್ಪು, 255 ಬಿಳಿ. ಕಳುಹಿಸುವ ಯಂತ್ರ 16ನ್ನು ಕಪ್ಪೆಂದುಕೊಂಡು, ತೋರಿಸುವ ಯಂತ್ರ 0ಯನ್ನು ಕಪ್ಪೆಂದುಕೊಂಡರೆ ಕಪ್ಪೆಲ್ಲ ಮಸುಕಾಗುತ್ತದೆ. ಚಹಾ ವಿರಾಮದಲ್ಲಿ ಸ್ವಯಂಸೇವಕ ಹುಡುಗನೊಬ್ಬನನ್ನು ಕಾಡಿಬೇಡಿ ಪ್ರೊಜೆಕ್ಟರಿನ ಆ ಆಯ್ಕೆಯನ್ನು ಬದಲಿಸಿ ನೋಡಿದೆವು. ಹಾಲು ಮಜ್ಜಿಗೆಯಾಯಿತು, ಅಷ್ಟೇ.

ಸಂವಾದ ಶುರುವಾದದ್ದು ಐದು ಗಂಟೆಗೆ. ಚಿತ್ರ ಮಾಡಿದವರೆಲ್ಲ ವೇದಿಕೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತೆವು. ಕೃಷಿ ಬಿಕ್ಕಟ್ಟು, ಗ್ರಾಮೀಣ ಶಿಕ್ಷಣ ಎಂದು ದೊಡ್ಡ ಮಾತುಗಳನ್ನು ರೈಲಿನಲ್ಲಿ ಬರುವಾಗಲೇ ತಯಾರಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ನನಗೆ ಬಂದ ಮೊದಲ ಪ್ರಶ್ನೆ: “ಆ ಹುಡುಗ ಹಗಲಿನಲ್ಲೇ ಮೋಟಾರು ಹಾಕಬಹುದಿತ್ತಲ್ಲ?”

ಕೇಳಿದವಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು, ಕುಹಕವಿರಲಿಲ್ಲ. ನಾನು ವಿವರಿಸತೊಡಗಿದೆ. ಮನೆಯ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಗಳಿಗೆ ಕರೆಂಟು ತರುವ ಫೀಡರು ಲೈನುಗಳನ್ನು ಹಾಗೆ ಬೇರ್ಪಡಿಸಿದ್ದಾರೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಆದರೆ ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ ಎಂಬ ಲೆಕ್ಕದಲ್ಲಿ, ಅದೂ ಪಾಳಿಯ ಮೇಲೆ. ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಹೀಗೆ ನಾಲ್ಕು ನಿಮಿಷ ಮಾತನಾಡಿರಬೇಕು. ಸಂವಾದ ನಡೆಸುತ್ತಿದ್ದ ಮೇಡಂ ಮೈಕು ತೆಗೆದುಕೊಂಡು ಕೇಳಿದರು: “ನೀವು ಈಗ ಹೇಳಿದ್ದು ಚಿತ್ರದಲ್ಲಿ ಎಲ್ಲಿದೆ?”

ಎಲ್ಲಿಯೂ ಇರಲಿಲ್ಲ. ನಮ್ಮ ಊರಿನಲ್ಲಿ ಮಗುವಿಗೂ ಗೊತ್ತಿರುವ ವಿಷಯವೆಂದು ಅದನ್ನು ಚಿತ್ರದೊಳಗೆ ತಂದೇ ಇರಲಿಲ್ಲ. ತಂದಿದ್ದರೆ ಒಂದೇ ಶಾಟು ಸಾಕಿತ್ತು: ಮನೆಯಲ್ಲಿ ಬಲ್ಬು ಉರಿಯುತ್ತಿದೆ, ತೋಟದ ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಕೆಂಪು, ಹಳದಿ, ನೀಲಿ ದೀಪಗಳು ಆರಿವೆ.

ಎರಡನೆಯ ಪ್ರಶ್ನೆ ಇನ್ನೂ ಚುರುಕಾಗಿತ್ತು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆಯಲ್ಲ, ಕರೆಂಟು ಬಂದರೆ ಫೋನಿಗೇ ಕರೆ ಬರುತ್ತದೆ, ಮಲಗಿದಲ್ಲಿಂದಲೇ ಮೋಟಾರು ಹಾಕಬಹುದು, ಹುಡುಗ ಯಾಕೆ ಹೋಗಬೇಕು? ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಮೋಟಾರು ತಾನಾಗಿ ತಿರುಗಿದರೂ ನೀರು ತಾನಾಗಿ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಗೇಟ್ ವಾಲ್ವ್ ತಿರುಗಿಸಲು ಯಾರಾದರೂ ಅಲ್ಲಿರಬೇಕು. ವೋಲ್ಟೇಜು ಇಳಿದಾಗ ಮೋಟಾರು ಓಡಿ ಒಮ್ಮೆ ಕಾಯಿಲು ಸುಟ್ಟುಕೊಂಡ ಮೇಲೆ ಚಿಕ್ಕಪ್ಪ ಮೋಟಾರನ್ನು ತಾನಾಗಿ ಹಾಕುವ ಆಟೋ ಸ್ವಿಚ್ಚನ್ನೇ ನಂಬುವುದಿಲ್ಲ. ಹೇಳಿ ಮುಗಿಸಿ ಮೇಡಂ ಮುಖ ನೋಡಿದೆ. ಅವರು ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ನಡುವೆ ಮಾತು ಚಿದಾನಂದ ನಾಯ್ಕ್ ಅವರ ಕಡೆಗೆ ಹೊರಳಿತು. ಕನ್ನಡದ ವಿದ್ಯಾರ್ಥಿಗಳು ಸಿನಿಮಾ ಎಂದು ಸೇರಿದ ಕಡೆ ಈಗ ಆ ಹೆಸರು ಬರದೆ ಇರುವುದಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅವರು ಮಾಡಿದ 16 ನಿಮಿಷದ ಕನ್ನಡ ಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಮುದುಕಿಯೊಬ್ಬಳು ಹುಂಜ ಕದ್ದುಕೊಂಡು ಹೋದದ್ದಕ್ಕೆ ಊರಿಗೆ ಬೆಳಗೇ ಆಗದ ಕಥೆ. ಅಂದರೆ ಅದೂ ರಾತ್ರಿಯದೇ. ನಾಲ್ಕು ದಿನದಲ್ಲಿ ಚಿತ್ರೀಕರಿಸಿದ್ದಂತೆ. ನಮ್ಮ ಹನ್ನೊಂದು ರಾತ್ರಿಗಳನ್ನು ನೆನೆದು ಸುಮ್ಮನೆ ಕುಳಿತೆ.

ಇಡೀ ದಿನಕ್ಕೆ ಬೆಲೆ ಬಂದದ್ದು ಕೊನೆಯ ಸಾಲಿನಿಂದ ಎದ್ದ ಹುಡುಗನ ಮಾತಿನಿಂದ. ಪಾವಗಡದ ಕಡೆಯವನಂತೆ. ಚಿತ್ರ ಸರಿಯಾಗಿ ಕಾಣದಿದ್ದುದರಿಂದ ಅವನು ಅದನ್ನು ಕೇಳಿಸಿಕೊಂಡಿದ್ದ. “ಸ್ಟಾರ್ಟರ್ ಒತ್ತಿದ ಎರಡು ಸೆಕೆಂಡಿಗೆ ನೀರು ಬಿತ್ತಲ್ಲ,” ಎಂದ, “ಅಂತಹ ಬೋರು ನಮ್ಮ ಕಡೆ ಯಾರಿಗೂ ಇಲ್ಲ.”

ಸಭಾಂಗಣದಲ್ಲಿ ನಗು. ಅವನು ನಗಲಿಲ್ಲ. ಮುಂದುವರಿಸಿದ: ಗುಂಡಿ ಒತ್ತಿದ ಮೇಲೆ ಪೈಪಿನ ಬಾಯಿಗೆ ಕಿವಿಯಿಟ್ಟು ನಿಲ್ಲಬೇಕು. ಮೊದಲು ಗಾಳಿ ಬರುತ್ತದೆ, ಆಮೇಲೆ ಪೈಪು ಕೆಮ್ಮುತ್ತದೆ, ಆಮೇಲೆ ಒಂದು ಬೊಗಸೆ ಕೆಂಪು ನೀರು, ಮತ್ತೆ ಗಾಳಿ. ಆ ಹೊತ್ತಿನಲ್ಲಿ ನಮ್ಮಪ್ಪ ಯಾರ ಮಾತಿಗೂ ಉತ್ತರ ಕೊಡುವುದಿಲ್ಲ, ಎಂದ.

ನನಗೆ ಮೈ ಜುಮ್ಮೆಂದಿತು, ಏಕೆಂದರೆ ಅದು ನಮ್ಮ ಬಳಿ ಇತ್ತು. ಚಿಕ್ಕಪ್ಪನ ಬೋರಿನ ಎನ್‌ಆರ್‌ವಿ ಸವೆದಿದೆ. ಮೋಟಾರು ನಿಂತಾಗ ಪೈಪಿನೊಳಗಿನ ನೀರನ್ನು ಹಿಡಿದು ನಿಲ್ಲಿಸಬೇಕಾದ ವಾಲ್ವ್ ಅದು. ಸವೆದರೆ ನೀರು ಕೆಳಗೆ ಇಳಿದುಬಿಡುತ್ತದೆ, ಮರುದಿನ ಅಷ್ಟನ್ನೂ ಮತ್ತೆ ಮೇಲಕ್ಕೆತ್ತಬೇಕು. ಏಳನೆಯ ರಾತ್ರಿ ನಾವು ಅದನ್ನು ಒಂದೇ ಶಾಟಿನಲ್ಲಿ ಹಿಡಿದಿದ್ದೆವು, 41 ಸೆಕೆಂಡು. ನಟಿಸುತ್ತಿದ್ದ ಹುಡುಗ ನಟನೆ ಮರೆತು, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದ. ಟಾರ್ಚಿನ ಬೆಳಕು ಪೈಪಿನ ಬಾಯಿಯ ಮೇಲೆ ಬಿದ್ದಿತ್ತು. ಸಂಕಲನದ ಮೇಜಿನಲ್ಲಿ ‘ಎಳೆಯುತ್ತದೆ’ ಎಂದು ಅದನ್ನು ಎರಡು ಸೆಕೆಂಡಿಗೆ ಕತ್ತರಿಸಿದವನು ನಾನೇ. ಬೇಡವೆಂದು ಕ್ಯಾಮೆರಾದವನು ಹೇಳಿದ್ದ. ಬಸ್ಸಿನಲ್ಲಿ ತುಮಕೂರಿಗೆ ವಾಪಸಾಗುವಾಗ ಅವನು ಅದನ್ನು ನೆನಪಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಭಾನುವಾರ ಕುಳಿತು ಆ ಶಾಟನ್ನು ಟೈಮ್‌ಲೈನಿಗೆ ಮರಳಿ ಹಾಕಿದೆ. 34 ಸೆಕೆಂಡು ಉಳಿಸಿಕೊಂಡಿದ್ದೇನೆ. ಚಿತ್ರದ ಉದ್ದ 12 ನಿಮಿಷ 40 ಸೆಕೆಂಡಿನಿಂದ 13 ನಿಮಿಷ 12 ಸೆಕೆಂಡಿಗೆ ಏರಿತು. ಒಂದು ವಿಚಿತ್ರವನ್ನೂ ಗಮನಿಸಿದೆ: ಹಗಲು ಬೆಳಕಿನಲ್ಲಿ, ಕಿಟಕಿ ತೆರೆದಿಟ್ಟು ನೋಡಿದರೂ ಈ ಶಾಟು ಕಾಣುತ್ತದೆ. ಟಾರ್ಚಿನ ಬಿಳಿ ಬೆಳಕು ಒಂದು ಮೂಲೆಯಲ್ಲಿರುವುದರಿಂದ ಉಳಿದದ್ದು ಕತ್ತಲೆಯಾಗಿಯೇ ಕಾಣುತ್ತದೆ. ಬೇರೆ ಶಾಟುಗಳಲ್ಲಿ ಬೆಳಕಿನ ಅಂತಹ ಗುರುತೇ ಇಲ್ಲ, ಎಲ್ಲವೂ ಸಮನಾಗಿ ಕಪ್ಪು. ಅವುಗಳ ಕಪ್ಪನ್ನು ಬರಿದೇ ಮೇಲೆತ್ತಲು ಹೋದರೆ ಕಾಳು ಕಾಳಾದ ನಾಯ್ಸ್ ಏಳುತ್ತದೆ. ಆದ್ದರಿಂದ ಬದುವಿನ ಮೇಲೆ ನಡೆಯುವ ಎರಡು ಶಾಟುಗಳನ್ನು ಟಾರ್ಚು ಹಿಡಿಸಿ ಮತ್ತೆ ತೆಗೆಯಬೇಕು. ಸ್ಟಾರ್ಟರ್ ಪೆಟ್ಟಿಗೆಯ ಮೂರು ದೀಪಗಳದ್ದು ಹೊಸ ಶಾಟು.

ಉಳಿದಿರುವ ದೊಡ್ಡ ಕೆಲಸ ಧ್ವನಿಯದ್ದು. ಆ 34 ಸೆಕೆಂಡಿನಲ್ಲಿ ಕ್ಯಾಮೆರಾದ ಮೈಕು ಹಿಡಿದಿರುವುದು ಬರೀ ಗಾಳಿ, ಮತ್ತು ನನ್ನದೇ ಕೆಮ್ಮು. ಪೈಪಿನ ಕೆಮ್ಮು ಅದರಡಿ ಹೂತುಹೋಗಿದೆ. ಫೋನು ಮಾಡಿದಾಗ ಚಿಕ್ಕಪ್ಪ, “ಈ ವಾರ ನಮಗೆ ಹಗಲು ಪಾಳಿ, ಈಗಲೇ ಬಾ. ಪೈಪಿಗೆ ಹಗಲೇನು, ರಾತ್ರಿಯೇನು” ಎಂದರು. ಪೈಪಿಗೆ ಏನೂ ಇಲ್ಲ, ನಿಜ. ಆದರೆ ನನಗೆ ಹಿಂದೆ ಜೀರುಂಡೆಯ ಸದ್ದು ಬೇಕು. ಮುಂದಿನ ವಾರ ಪಾಳಿ ಬದಲಾದ ಮೇಲೆ ಹೋಗುತ್ತೇನೆ.