11ನೇ ಪುಟದಲ್ಲಿ ತೀರಿಕೊಂಡ ಅಪ್ಪ, 14ರಲ್ಲಿ ವಾದಕ್ಕೆ ಬಂದಾಗ

ಜೀವನಚರಿತ್ರೆ ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಹೈಸ್ಕೂಲ್ ಮಕ್ಕಳಿಗಾಗಿ ಬಸವಣ್ಣನವರ ಬಗ್ಗೆ ಸಣ್ಣ ಪುಸ್ತಕ ಬರೆದುಕೊಟ್ಟೆ. ವಾರ ಕಳೆದಿರಲಿಲ್ಲ, ಕರಡು ತಿದ್ದುವ ಮೇಡಂ ಫೋನ್ ಮಾಡಿದರು.

"ಸರ್, 11ನೇ ಪುಟದಲ್ಲಿ ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಅಜ್ಜಿ ಸಾಕ್ತಿದಾರೆ. 14ರಲ್ಲಿ ಅದೇ ಅಪ್ಪ ಮುಂಜಿ ವಿಷಯಕ್ಕೆ ಮಗನ ಜೊತೆ ವಾದ ಮಾಡ್ತಿದಾರಲ್ಲ?"

ನಾಚಿಕೆಯಾಯಿತು. ನಗುವೂ ಬಂತು.

ಆಗಿದ್ದು ಇಷ್ಟೆ. ಹರಿಹರ ಕವಿ ಬಸವಣ್ಣನವರ ಮೇಲೆ ಬರೆದ ರಗಳೆ ಅನ್ನುವ ಕಥನಕಾವ್ಯದಲ್ಲಿ ತಂದೆತಾಯಿ ಬೇಗ ಹೋಗುತ್ತಾರೆ, ಅಜ್ಜಿ ಬೆಳೆಸುತ್ತಾಳೆ. ಹದಿನಾರರ ಹೊತ್ತಿಗೆ ಬಸವಣ್ಣ ಜನಿವಾರ ಕಿತ್ತುಹಾಕಿ ಕಪ್ಪಡಿಸಂಗಮದ, ಅಂದರೆ ಈಗಿನ ಕೂಡಲಸಂಗಮದ ದಾರಿ ಹಿಡಿಯುತ್ತಾರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣದಲ್ಲಿ ಹಾಗಲ್ಲ. ಎಂಟು ವರ್ಷದ ಹುಡುಗ ಅಪ್ಪನ ಎದುರಿಗೇ ನಿಂತು ಮುಂಜಿ ಬೇಡ ಅನ್ನುತ್ತಾನೆ. 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದಿದ್ದು ಈ ಪುರಾಣವನ್ನೇ. ಒಂದು ಕಡೆ ಹಾಕಿದ್ದ ಜನಿವಾರ ಕಿತ್ತಿದ್ದು, ಇನ್ನೊಂದು ಕಡೆ ಹಾಕಿಸಿಕೊಳ್ಳಲೇ ಇಲ್ಲ. ನನಗೋ ಅಜ್ಜಿಯೂ ಬೇಕು, ವಾದವೂ ಬೇಕು. ಎರಡೂ ಚೆನ್ನಾಗಿವೆ ಅಲ್ವಾ!

ತಪ್ಪಿನ ಮೂಲ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಬಾಲ್ಯ, ಮದುವೆ, ಕಲ್ಯಾಣ ಅಂತ ಶೀರ್ಷಿಕೆ ಹಾಕಿ, ಸಿಕ್ಕಿದ್ದೆಲ್ಲ ಅದರ ಕೆಳಗೆ ತುಂಬಿದ್ದೆ. ತಿಂಗಳು ಕಳೆದ ಮೇಲೆ ಯಾರ ಮಾತು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಈಗ ಒಬ್ಬ ಕವಿಗೆ ಒಂದು ನೋಟ್‌ಬುಕ್. ಶಾಸನಕ್ಕೆ ಬೇರೆ.

ಶಾಸನದಿಂದ ತೀರ್ಮಾನ ಮಾಡಬಹುದಿತ್ತಲ್ಲ ಅಂತೀರಾ? ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಕಲ್ಲು ಇದೆ. ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಅನ್ನುತ್ತದೆ. ಅಪ್ಪನ ಹೆಸರು ಸಿಕ್ಕಿತು, ಮುಂಜಿ ಸುದ್ದಿ ಇಲ್ಲ.

ಹರಿಹರ ಕಾಲದಲ್ಲಿ ಹತ್ತಿರದವನು, ಅವನನ್ನೇ ನಂಬೋಣ ಅಂತ ಗೆಳೆಯರೊಬ್ಬರು ಹೇಳಿದರು. ನನಗೂ ಒಲವು ಆ ಕಡೆಗೇ ಜಾಸ್ತಿ. ಆದರೆ ಅದೇ ರಗಳೆಯಲ್ಲಿ ಕಲ್ಲಿನ ನಂದಿಯ ಬಾಯಿಂದ ಲಿಂಗ ಹೊರಬರುತ್ತದೆ. ಹರಿಹರ ಭಕ್ತ, ಕವಿ. ಅವನನ್ನು ಸುಮ್ನೆ ಸಾಕ್ಷಿಕಟ್ಟೆಗೆ ಹತ್ತಿಸಿದರೆ ಅವನಿಗೂ ಅನ್ಯಾಯ, ಓದುಗರಿಗೂ ಮೋಸ.

ಕೊನೆಗೆ ಎರಡು ಕಥೆಯನ್ನೂ ಕವಿಗಳ ಹೆಸರಿನಲ್ಲೇ ಬಿಡಿಬಿಡಿಯಾಗಿ ಬರೆದೆ. ಪುಸ್ತಕ ನಾಲ್ಕು ಪುಟ ಬೆಳೆಯಿತು. ಪ್ರಕಾಶಕರು ಸ್ವಲ್ಪ ಗೊಣಗಿದರು.

ಆ ಮೇಡಂ ಈಗಲೂ ನನ್ನ ಹಸ್ತಪ್ರತಿ ಕೈಗೆ ಬಂದ ತಕ್ಷಣ ಕೇಳುತ್ತಾರೆ: "ಈ ಸಲ ಅಪ್ಪ ಎಷ್ಟನೇ ಪುಟದವರೆಗೆ ಇರ್ತಾರೆ, ಸರ್?"