ಬ್ಲೈಟಿ ಸಿಕ್ಕಿದವನು ಯಾಕೆ ಪುಣ್ಯವಂತ?

ಇಂಗ್ಲಿಷ್ ಸಾಕ್ಷ್ಯಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ ಮಾಡಿದ ಒಂದು ತಪ್ಪನ್ನು ಇವತ್ತಿಗೂ ಮರೆತಿಲ್ಲ.

ಮೊದಲ ಮಹಾಯುದ್ಧದ ಚಿತ್ರ ಅದು. ಫ್ರಾನ್ಸಿನ ಕಂದಕದಿಂದ ಬ್ರಿಟಿಷ್ ಸಿಪಾಯಿಯೊಬ್ಬ ತಾಯಿಗೆ ಬರೆದ ಕಾಗದವನ್ನು ಹಿನ್ನೆಲೆಯಲ್ಲಿ ಓದುತ್ತಾರೆ. ಗೆಳೆಯನಿಗೆ ‘ಬ್ಲೈಟಿ’ ಸಿಕ್ಕಿತು, ಪುಣ್ಯವಂತ ಅಂತ ಒಂದು ಸಾಲು. ನಿಘಂಟು ನೋಡಿದೆ. ಬ್ಲೈಟಿ ಎಂದರೆ ಬ್ರಿಟನ್, ಸಿಪಾಯಿಗಳ ಆಡುಮಾತು ಅಂತಿತ್ತು. ಅಷ್ಟಕ್ಕೇ ನಿಲ್ಲಿಸಿ ‘ಅವನಿಗೆ ಊರಿಗೆ ಹೋಗಲು ರಜೆ ಸಿಕ್ಕಿತು’ ಅಂತ ಬರೆದೆ. ಓದೋಕೆ ಚೆನ್ನಾಗೇ ಇತ್ತು.

ತಿದ್ದಲು ಕೂತ ಹಿರಿಯರು ಆ ಜಾಗಕ್ಕೆ ಬಂದಾಗ ಚಿತ್ರ ನಿಲ್ಲಿಸಿದರು. ‘ರಜಾ ಸಿಕ್ಕಿದೋನನ್ನ ಸ್ಟ್ರೆಚರ್ ಮೇಲೆ ಯಾಕಮ್ಮಾ ಹೊತ್ಕೊಂಡು ಹೋಗ್ತಿದ್ದಾರೆ?’ ಅಂದರು. ಪರದೆಯ ಮೇಲೆ ಕೆಸರು, ಸ್ಟ್ರೆಚರ್ ಹೊತ್ತ ಇಬ್ಬರು, ಕಂಬಳಿಯಿಂದ ಹೊರಗೆ ಚಾಚಿದ ಒಂದು ಬೂಟು. ನಾನು ಆ ದೃಶ್ಯವನ್ನು ನಾಲ್ಕು ಸಲ ನೋಡಿದ್ದೆ.

ಬ್ಲೈಟಿ ಅಂದರೆ ಗಾಯ. ಜೀವ ತೆಗೆಯುವಷ್ಟು ದೊಡ್ಡದಲ್ಲ, ಅಲ್ಲೇ ಪಟ್ಟಿ ಕಟ್ಟಿ ಮತ್ತೆ ಕಂದಕಕ್ಕೆ ಕಳಿಸುವಷ್ಟು ಸಣ್ಣದೂ ಅಲ್ಲ. ಹಡಗು ಹತ್ತಿಸಿ ಬ್ರಿಟನ್ನಿಗೆ ಕಳಿಸಲೇಬೇಕಾದ ಗಾಯ. ಗೆಳೆಯನಿಗೆ ಗುಂಡು ಬಿದ್ದಿದೆ, ಇವನಿಗೆ ಹೊಟ್ಟೆಕಿಚ್ಚು! ಕಂದಕದ ಬಾಳು ಎಂಥದ್ದು ಅಂತ ಆ ಒಂದು ಪದವೇ ಹೇಳುತ್ತಿತ್ತು. ನಾನು ಅದನ್ನು ಅಳಿಸಿಬಿಟ್ಟಿದ್ದೆ.

ಆಮೇಲೆ ಆ ಪದದ ಬೆನ್ನು ಹತ್ತಿದೆ. ಅದರ ಮೂಲ ನಮ್ಮ ‘ವಿಲಾಯಿತಿ’, ಅಂದರೆ ಪರದೇಶದ್ದು, ಇಂಗ್ಲೆಂಡಿನದು! ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಹಿಂದೂಸ್ತಾನಿಯ ‘ಬಿಲಾಯತಿ’ಯನ್ನು ಕಿವಿಗೆ ಬಿದ್ದಂತೆ ಬ್ಲೈಟಿ ಮಾಡಿಕೊಂಡರು. ಇಲ್ಲಿನ ಬ್ರಿಟಿಷರ ಇಂಗ್ಲಿಷಿಗೆ ಸೇರಿದ ನಮ್ಮ ಕಡೆಯ ಪದಗಳನ್ನು ಕೂಡಿಸಿ 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಬಿಲಾಯತ್ ಇದೆ, ಸೋಡಾ ನೀರಿಗೆ ‘ಬಿಲಾಯತಿ ಪಾನಿ’ ಅನ್ನುತ್ತಿದ್ದರು ಅಂತಲೂ ಇದೆ. ನಾವು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಅಂದ ಹಾಗೇ ಅಲ್ವಾ? ಆ ನಿಘಂಟು ಮಾಡಿದ ಇಬ್ಬರಲ್ಲಿ ಒಬ್ಬರಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ಪುಸ್ತಕ ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡರು. ನನಗೆ ಇದೆಲ್ಲ ಗೊತ್ತಾಗಿದ್ದು ಆ ತಪ್ಪಿನಿಂದ. ನಮ್ಮ ಮನೆಯಿಂದಲೇ ಹೋದ ಪದ ವೇಷ ಬದಲಿಸಿಕೊಂಡು ಬಂದಾಗ ಗುರುತು ಹಿಡಿಯಲಿಲ್ಲವಲ್ಲ ಅಂತ ಬೇಜಾರೂ ಆಯಿತು.

ಈಗ ಹಳೆಯ ಆಡುಮಾತು ಬಂದರೆ ಮೊದಲ ಅರ್ಥಕ್ಕೆ ನಿಲ್ಲುವುದಿಲ್ಲ. ಜೊನಾಥನ್ ಗ್ರೀನ್ ಅವರ ಸ್ಲ್ಯಾಂಗ್, ಅಂದರೆ ಇಂಗ್ಲಿಷ್ ಆಡುಮಾತಿನ ನಿಘಂಟು 2010ರಲ್ಲಿ ಅಚ್ಚಾಯಿತು, ಈಗ ಅಂತರ್ಜಾಲದಲ್ಲಿ ಉಚಿತವಾಗಿದೆ. ಅದರಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನೂ ಅವುಗಳ ಇಸವಿಯನ್ನೂ ಜಾಸ್ತಿ ಹೊತ್ತು ನೋಡುತ್ತೇನೆ. ಯಾರು, ಯಾರಿಗೆ, ಯಾವಾಗ ಅಂದರು ಅನ್ನುವುದು ಅಲ್ಲೇ ಸಿಗುತ್ತದೆ.

ನಿಘಂಟುಗಳು ಪದದ ಪಕ್ಕ ಹಾಕುವ ಗುರುತನ್ನೂ ಸುಮ್ನೆ ದಾಟುವುದಿಲ್ಲ. ‘ಡೇಟೆಡ್’ (ಹಳಬರ ಬಾಯಲ್ಲಷ್ಟೇ ಉಳಿದ ಮಾತು) ಬೇರೆ, ‘ಹಿಸ್ಟಾರಿಕಲ್’ (ವಸ್ತುವೇ ಈಗ ಬಳಕೆಯಲ್ಲಿಲ್ಲದ್ದು) ಬೇರೆ. ನಮ್ಮ ಮನೆ ಹಿರಿಯರು ಈಗಲೂ ಐವತ್ತು ಪೈಸೆಗೆ ಎಂಟಾಣೆ ಅನ್ನುತ್ತಾರೆ. ಅದು ಮೊದಲನೆಯ ಜಾತಿ. ವರಾಹ ಎರಡನೆಯದು, ಆ ನಾಣ್ಯವೇ ಈಗ ಚಲಾವಣೆಯಲ್ಲಿಲ್ಲ. ಲಂಡನ್ನಿನ ಮುದುಕರೊಬ್ಬರು ಇನ್ನೊಂದು ಚಿತ್ರದಲ್ಲಿ ‘ಟೆನ್ ಬಾಬ್’ ಅಂದಾಗ ಇದು ಉಪಯೋಗಕ್ಕೆ ಬಂತು. ಬಾಬ್ ಅಂದರೆ ಶಿಲ್ಲಿಂಗ್. 1971ರ ಫೆಬ್ರವರಿ 15ರವರೆಗೆ ಅಲ್ಲಿ ಹನ್ನೆರಡು ಪೆನ್ನಿ ಸೇರಿದರೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. ‘ಅರ್ಧ ಪೌಂಡ್’ ಅಂತ ಬರೆದರೆ ಲೆಕ್ಕ ಸರಿ, ಆದರೆ ಆ ಮುದುಕರ ಕಾಲವೇ ಹೋಗುತ್ತದೆ. ‘ಹತ್ತು ಶಿಲ್ಲಿಂಗ್’ ಅಂತಲೇ ಉಳಿಸಿಕೊಂಡೆ.

ಬ್ಲೈಟಿಯನ್ನು ಹಾಗೇ ಇಡಲು ಆಗಲಿಲ್ಲ. ಸಬ್‌ಟೈಟಲ್‌ಗೆ ಸಿಗುವುದು ಎರಡು ಸಾಲು, ಕೆಲವೇ ಸೆಕೆಂಡು. ಅದರಲ್ಲಿ ವಿವರಣೆ ಹಿಡಿಸುವುದಿಲ್ಲ. ಸಂಜೆವರೆಗೆ ಕೂತು ಹತ್ತಾರು ಸಲ ಬರೆದು ಅಳಿಸಿದೆ. ಕೊನೆಗೆ ಚಿತ್ರದಲ್ಲಿ ಹೋಗಿದ್ದು ಇದು: ‘ಅವನಿಗೆ ಊರು ಸೇರಿಸೋ ಗಾಯ ಆಯ್ತಮ್ಮಾ, ಪುಣ್ಯವಂತ.’